ಮಡಿಕೇರಿ ಮಳೆಗೆ ಒಂದು ಪಾತ್ರೆ ನಾಟಿಕೋಳಿ ಸೂಪು

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಜುಲೈನಲ್ಲಿ ಹೊರಟರೆ ಹುಣಸೂರಿನವರೆಗೆ ಮೋಡ, ಪಿರಿಯಾಪಟ್ಟಣದಲ್ಲಿ ಜಿಟಿಜಿಟಿ, ಕುಶಾಲನಗರದ ಕಾವೇರಿ ಸೇತುವೆ ದಾಟಿದ ಮೇಲೆ ವೈಪರ್ ನಿಲ್ಲಿಸುವ ಹಾಗಿಲ್ಲ. ಅಡುಗೆಮನೆ ಬಿಟ್ಟುಕೊಡುವ ಹೋಂಸ್ಟೇ ಸಿಕ್ಕರೆ, ಒಂದು ಸಂಜೆಯನ್ನು ಪೂರ್ತಿ ಸೂಪಿಗೇ ಎತ್ತಿಡಬೇಕು. ಇದು ಅವಸರದ ಅಡುಗೆಯಲ್ಲ.

ಮಧ್ಯಾಹ್ನದ ಊಟಕ್ಕೆ ಬೈಲುಕುಪ್ಪೆ. 1961ರಿಂದ ಟಿಬೆಟನ್ನರು ನೆಲೆಸಿರುವ ಇಲ್ಲಿ ಥೆಂತುಕ್ ಸಿಗುತ್ತದೆ. ನಾದಿದ ಹಿಟ್ಟನ್ನು ಕೈಯಲ್ಲೇ ಎಳೆದು, ಚೂರುಚೂರಾಗಿ ಹರಿದು, ಕುದಿಯುವ ಸಾರಿಗೆ ಹಾಕಿ ಬೇಯಿಸಿದ್ದು. ಸೂಪೇ ಊಟವಾಗಬೇಕಾದರೆ ಅದರೊಳಗೆ ಹಿಟ್ಟೋ ಅಕ್ಕಿಯೋ ಬೇಯಬೇಕು ಅನ್ನುವುದು ಒಂದು ಬಟ್ಟಲಿನಲ್ಲೇ ಗೊತ್ತಾಗುತ್ತದೆ. ನಾಟಿಕೋಳಿ ಸೂಪಿನಲ್ಲಿ ಆ ಕೆಲಸ ನುಚ್ಚಕ್ಕಿಯದು.

ಕೋಳಿಯನ್ನು ಕುಶಾಲನಗರದಲ್ಲೇ ಕೊಳ್ಳಿ. ಆರು ಜನಕ್ಕೆ ಶುಚಿ ಮಾಡಿದ ಮೇಲೆ 1¼ ಕೆ.ಜಿ. ತೂಗುವ ಹ್ಯಾಟೆ ಸಾಕು, ಬಲಿತದ್ದಾದರೆ ಇನ್ನೂ ಒಳ್ಳೆಯದು. "ಅಣ್ಣಾ, ಚರ್ಮ ತೆಗೀಬೇಡಿ, ಅರಿಶಿನ ಹಚ್ಚಿ ಸುಟ್ಟು ಕೊಡಿ" ಎಂದು ಮೊದಲೇ ಹೇಳಬೇಕು. ಸೂಪಿಗೆ ಮೈ ಬರುವುದು ಚರ್ಮ, ಕಾಲು, ಕತ್ತು, ಮೂಳೆಯ ಗೆಣ್ಣುಗಳಿಂದ, ಎದೆಮಾಂಸದಿಂದಲ್ಲ. ಕಾಲುಗಳನ್ನೂ ಕೇಳಿ ಹಾಕಿಸಿಕೊಳ್ಳಿ. ಕರಿಮೆಣಸು, ಕಾಚಂಪುಳಿ ಮಡಿಕೇರಿಯಲ್ಲೇ ಸಿಗುತ್ತವೆ. ಪಣಂಪುಳಿ ಹಣ್ಣಿನ ರಸವನ್ನು ಕಪ್ಪಾಗಿ ಮಂದವಾಗುವವರೆಗೆ ಕುದಿಸಿ ಇಳಿಸಿದ ಹುಳಿಯೇ ಕಾಚಂಪುಳಿ.

ತುಂಡುಗಳನ್ನು ದಪ್ಪ ತಳದ ಪಾತ್ರೆಗೆ ಹಾಕಿ 2½ ಲೀಟರ್ ತಣ್ಣೀರು ಸುರಿಯಿರಿ. ಬಿಸಿನೀರು ಬೇಡ. ಅದರಲ್ಲಿ ಮಾಂಸದ ರಸ ಥಟ್ಟನೆ ಹೆಪ್ಪುಗಟ್ಟಿ, ಸಣ್ಣ ಚೂರುಗಳಾಗಿ ಸೂಪಿನಲ್ಲೇ ಉಳಿದುಬಿಡುತ್ತದೆ. ಸಣ್ಣ ಉರಿಯಲ್ಲಿ ಕಾಯುತ್ತಾ ಬಂದರೆ ಬೂದುಬಣ್ಣದ ನೊರೆ ಮೇಲೇಳುತ್ತದೆ. ಹತ್ತು ನಿಮಿಷ ಪಕ್ಕದಲ್ಲೇ ನಿಂತು ಸೌಟಿನಿಂದ ಅದನ್ನು ತೆಗೆಯಬೇಕು. ಆಮೇಲೆ ಸುಲಿದ 20 ಸಾಂಬಾರ್ ಈರುಳ್ಳಿ, 12 ಎಸಳು ಬೆಳ್ಳುಳ್ಳಿ, ಜಜ್ಜಿದ ಎರಡಿಂಚು ಶುಂಠಿ, ಅರ್ಧ ಚಮಚ ಅರಿಶಿನ, ಒಂದೇ ಚಮಚ ಉಪ್ಪು. ನೀರು ಇಂಗುತ್ತಾ ಹೋದಂತೆ ಉಪ್ಪು ಏರುತ್ತದೆ. ಮೊದಲೇ ಪೂರ್ತಿ ಹಾಕಿ ಕೆಡಿಸಿಕೊಂಡವರೇ ಹೆಚ್ಚು.

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 96 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ, ಆದ್ದರಿಂದ ಬೇಯಲು ಊರಿಗಿಂತ ಹೆಚ್ಚು ಹೊತ್ತು ಬೇಕು. ಮುಚ್ಚಳ ಸ್ವಲ್ಪ ಓರೆ ಮಾಡಿ, ಒಂದೊಂದೇ ಗುಳ್ಳೆ ಏಳುವಷ್ಟು ಉರಿಯಲ್ಲಿ ಎರಡರಿಂದ ಎರಡೂವರೆ ಗಂಟೆ ಬಿಡಿ. ಕೊತಕೊತ ಕುದಿಸಿದರೆ ಜಿಡ್ಡು ನೀರಿನೊಳಗೆ ಒಡೆದು ಸೂಪು ಕದಡುತ್ತದೆ. ಕುಕ್ಕರಿನಲ್ಲಾದರೆ ನೀರು ಅರ್ಧ ಲೀಟರ್ ಕಡಿಮೆ ಮಾಡಿ, ಒಂದು ವಿಷಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಆಮೇಲೆ ವೆಯ್ಟ್ ಎತ್ತದೆ ತಾನಾಗಿ ಆರಲು ಬಿಡಿ, ಎತ್ತಿದರೆ ಒಳಗೆ ಒಮ್ಮೆಲೇ ಉಕ್ಕಿ ಅದೇ ಕದಡು. ಬ್ರಾಯ್ಲರ್ ಕೋಳಿಗೆ ಇಷ್ಟು ಹೊತ್ತು ಬೇಡ. ಅದರ ಮಾಂಸ ಮುಕ್ಕಾಲು ಗಂಟೆಯಲ್ಲೇ ನಾರಾಗಿ ಬಿಡಿಸಿಕೊಳ್ಳುತ್ತದೆ, ಸೂಪಿಗೂ ಈ ಮೈ ಬರುವುದಿಲ್ಲ.

ತೊಡೆಯ ಮೂಳೆಯ ತುದಿಯಿಂದ ಮಾಂಸ ಹಿಂದೆ ಸರಿದಾಗ ಮೂರು ಚಮಚ ತೊಳೆದ ನುಚ್ಚಕ್ಕಿ ಹಾಕಿ. ಇನ್ನು 25 ನಿಮಿಷ. ಆಗಾಗ ತಳ ಕೆದಕದಿದ್ದರೆ ಹಿಡಿಯುತ್ತದೆ.

ಮೆಣಸು ಕಟ್ಟಕಡೆಗೆ. ಗಂಟೆಗಟ್ಟಲೆ ಕುದಿದರೆ ಖಾರ ಉಳಿಯುತ್ತದೆ, ಪರಿಮಳ ಹಬೆಯಲ್ಲಿ ಹಾರಿಹೋಗುತ್ತದೆ. ಒಂದೂವರೆ ದೊಡ್ಡ ಚಮಚ ಮೆಣಸು, ಒಂದು ಚಿಕ್ಕ ಚಮಚ ಜೀರಿಗೆಯನ್ನು ಬೆಚ್ಚಗೆ ಮಾಡಿ ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟಿ. ಸೂಪಿನ ಮೇಲೆ ಬಂಗಾರದ ಬಣ್ಣದ ಕಣ್ಣುಗಳ ಹಾಗೆ ತೇಲುವ ಜಿಡ್ಡನ್ನು ಎರಡು ಚಮಚ ಎತ್ತಿ, ಅದರಲ್ಲೇ ಕರಿಬೇವು ಸಿಡಿಸಿ ಸುರಿಯಿರಿ. ಬೇರೆ ಎಣ್ಣೆ ಬೇಕಿಲ್ಲ. ಒಲೆ ಆರಿಸಿದ ಮೇಲೆ ಕುಟ್ಟಿದ ಪುಡಿ, ಅರ್ಧ ಚಿಕ್ಕ ಚಮಚ ಕಾಚಂಪುಳಿ, ಬೇಕಾದಷ್ಟು ಉಪ್ಪು ಹಾಕಿ ಐದು ನಿಮಿಷ ಮುಚ್ಚಿಡಿ. ಕಾಚಂಪುಳಿ ಬಹಳ ಗಟ್ಟಿ ಹುಳಿ. ಒಂದು ಚಮಚ ದಾಟಿದರೆ ಕೋಳಿಯ ರುಚಿಯನ್ನೇ ಮುಚ್ಚಿಬಿಡುತ್ತದೆ. ಜೊತೆಗೆ ಕೊಡಗಿನ ಅಕ್ಕಿರೊಟ್ಟಿ, ಅಂದರೆ ಅಕ್ಕಿ ಒಟ್ಟಿ ಇದ್ದರೆ ರಾತ್ರಿಯೂಟ ಮುಗಿಯಿತು.

ಮರುದಿನ ಮುಂಜಾನೆ ಜೀಪು ಹತ್ತಿ ಮಾಂದಲ್‌ಪಟ್ಟಿ ಬೆಟ್ಟದ ಗಾಳಿಗೆ ಹೋಗುವವರು, ನುಚ್ಚು ಹಾಕುವ ಮೊದಲೇ ಒಂದು ಲೀಟರ್ ತಿಳಿ ಸೋಸಿಟ್ಟಿರಬೇಕು. ನುಚ್ಚು ಬಿದ್ದದ್ದು ಫ್ಲಾಸ್ಕಿನಲ್ಲಿ ಗಂಜಿಯಾಗಿ ಬಾಯಿಗೇ ಕಟ್ಟಿಕೊಳ್ಳುತ್ತದೆ. ಸೋಸಿದ್ದನ್ನು ರಾತ್ರಿ ಬೇಗ ಆರಿಸಿ ಫ್ರಿಜ್ಜಿನಲ್ಲಿಡಿ. ಸರಿಯಾಗಿ ಬೆಂದಿದ್ದರೆ ಬೆಳಗ್ಗೆ ಅದು ಅಲುಗುವ ಹಾಲುಬಾಯಿಯಂತೆ ಗಟ್ಟಿಯಾಗಿರುತ್ತದೆ. ಚೆನ್ನಾಗಿ ಕುದಿ ಬರಿಸಿ, ಉಪ್ಪು ಮೆಣಸು ಬೆರೆಸಿ, ಬಿಸಿನೀರಿನಿಂದ ಗಲಬರಿಸಿದ ಫ್ಲಾಸ್ಕಿಗೆ ತುಂಬಿ.