ಹೋಮ್‌ಸ್ಕೂಲ್ ವಿಜ್ಞಾನ: ಮೊದಲು ಡೈನೋಸಾರ್ ಪಾಠ ತೆಗೆದು ನೋಡಿ

ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ ಮಾಡಲು ಕಾನೂನಿನ ಒಪ್ಪಿಗೆಯಿದೆ. ನಿಯಮ ಮಾತ್ರ ರಾಜ್ಯಕ್ಕೊಂದು ಥರ. ಟೆಕ್ಸಾಸ್‌ನಲ್ಲಿ ಕಲಿಸಲೇಬೇಕಾದ ವಿಷಯಗಳ ಪಟ್ಟಿಯಲ್ಲಿ ವಿಜ್ಞಾನವೇ ಇಲ್ಲ. ನ್ಯೂಯಾರ್ಕ್‌ನಲ್ಲಿ ಒಂದರಿಂದ ಆರನೇ ತರಗತಿವರೆಗೆ ಅದು ಕಡ್ಡಾಯ. ಎಲ್ಲ ವಿಷಯ ಸೇರಿ ವರ್ಷಕ್ಕೆ 900 ಗಂಟೆ ಪಾಠ ಆಗಬೇಕು. ಯಾವ ಪುಸ್ತಕ ಅಥವಾ ಯೋಜನೆ ಎಂದು ಮೊದಲೇ ಬರೆದುಕೊಟ್ಟು, ಆಮೇಲೆ ವರ್ಷಕ್ಕೆ ನಾಲ್ಕು ವರದಿ ಸಲ್ಲಿಸಬೇಕು.

ಭಾರತದಿಂದ ಹೋದವರು ಎಡವುವುದು ನಿಯಮದಲ್ಲಲ್ಲ, ಪಠ್ಯ ಆರಿಸುವಲ್ಲಿ. ಅಲ್ಲಿ ಸಿಗುವ ಹೋಮ್‌ಸ್ಕೂಲ್ ಪಠ್ಯಗಳಲ್ಲಿ ಬಹಳಷ್ಟು ಕ್ರೈಸ್ತ ಪ್ರಕಾಶಕರವು. ಅವುಗಳಲ್ಲಿ ಕೆಲವು, ಭೂಮಿ ಹುಟ್ಟಿ ಕೆಲವೇ ಸಾವಿರ ವರ್ಷವಾಯಿತು ಎಂದೇ ಕಲಿಸುತ್ತವೆ. ಮುಖಪುಟದಿಂದ ಇದು ತಿಳಿಯದು. ಮಾದರಿ ಪುಟಗಳಲ್ಲಿ ಡೈನೋಸಾರ್ ಅಥವಾ ಪಳೆಯುಳಿಕೆಯ ಪಾಠ ಹುಡುಕಿ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದಿದ್ದರೆ ಮುಂದಿನ ಪುಟ ತಿರುಗಿಸಬಹುದು. ಧರ್ಮದ ವಿಷಯದಲ್ಲಿ 'ನ್ಯೂಟ್ರಲ್' (ತಟಸ್ಥ) ಎಂದು ಹೇಳಿಕೊಳ್ಳುವ ಪಠ್ಯಗಳ ಬಗ್ಗೆ ಇನ್ನೂ ಎಚ್ಚರವಿರಲಿ. ವಿಕಾಸವಾದ, ಭೂಮಿಯ ವಯಸ್ಸು ಎರಡನ್ನೂ ಸದ್ದಿಲ್ಲದೆ ಬಿಟ್ಟುಬಿಟ್ಟಿರುವುದುಂಟು. ಇಲ್ಲದ ಪಾಠ ಯಾರ ಕಣ್ಣಿಗೂ ಬೀಳುವುದಿಲ್ಲ.

ಎರಡನೆಯದು ಪ್ರಯೋಗ. ಬೀಜ ಮೊಳೆಯುವ ಪಾಠ ಬಹುತೇಕ ಪಠ್ಯಗಳಲ್ಲಿ ಇರುತ್ತದೆ, ಗುಣಮಟ್ಟ ಅಳೆಯಲು ಅದೇ ಸಾಕು. 'ಬೀಜಕ್ಕೆ ನೀರು ಹಾಕಿ, ಚಿತ್ರ ಬರೆಯಿರಿ' ಎಂದಷ್ಟೇ ಇದ್ದರೆ ಅದು ಕರಕುಶಲ ತರಗತಿ. ಒಳ್ಳೆಯ ಪಠ್ಯ ಮೂರು ಜಿಪ್‌ಲಾಕ್ ಚೀಲ ತೆಗೆದುಕೊಳ್ಳಿ ಎನ್ನುತ್ತದೆ: ಒಂದರಲ್ಲಿ ಒಣ ಪೇಪರ್ ಟವೆಲ್, ಒಂದರಲ್ಲಿ ಹಿಂಡಿದ ಒದ್ದೆ ಟವೆಲ್, ಒಂದರಲ್ಲಿ ನಿಂತ ನೀರು, ಪ್ರತಿಯೊಂದಕ್ಕೂ ಹತ್ತು ಬೀಜ. ಮಗು ಏನಾಗಬಹುದೆಂದು ಮೊದಲೇ ಬರೆದಿಡಬೇಕು, ಆಮೇಲೆ ದಿನವೂ ಎಣಿಸಬೇಕು. ನೀರಲ್ಲಿ ಮುಳುಗಿದವು ಮೊಳೆತರೂ ಗಾಳಿ ಸಾಲದೆ ಬೇಗ ಕೊಳೆಯುತ್ತವೆ. ಸೂಪರ್‌ಮಾರ್ಕೆಟ್‌ನ ಹಳೆಯ ಬೀನ್ಸ್ ಎಷ್ಟೋ ಸಲ ಮೊಳೆಯುವುದೇ ಇಲ್ಲ. ಇಂಡಿಯನ್ ಅಂಗಡಿಯ ಇಡೀ ಹೆಸರುಕಾಳು ಬೆಚ್ಚಗಿನ ಕೋಣೆಯಲ್ಲಿ ಒಂದೆರಡು ದಿನಕ್ಕೇ ಬಾಯಿ ಬಿಡುತ್ತದೆ. ಮಕ್ಕಳ ತಾಳ್ಮೆಗೆ ಅದೇ ಸರಿ.

ಆರು ಮತ್ತು ಒಂಬತ್ತು ವರ್ಷದವರಿಗೆ ಗಣಿತ ಬೇರೆ ಬೇರೆ ಬೇಕು, ವಿಜ್ಞಾನ ಒಟ್ಟಿಗೇ ನಡೆಯುತ್ತದೆ. ಪ್ರಯೋಗ ಒಂದೇ, ಚಿಕ್ಕವರು ಚಿತ್ರ ಬರೆದರೆ ದೊಡ್ಡವರು ಕೋಷ್ಟಕ ತುಂಬುತ್ತಾರೆ. ಸಾಮಗ್ರಿಯ ಕಿಟ್ ಕೊಳ್ಳುವ ಮುನ್ನ ಅದು ಎಷ್ಟು ಮಕ್ಕಳಿಗೆ, ಮುಗಿದ ವಸ್ತುಗಳಷ್ಟೇ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಮಿನ್ನೆಸೋಟದಂಥ ಚಳಿ ನಾಡಿನಲ್ಲಿ ಜನವರಿಗೆ ಮಣ್ಣು, ಕೀಟದ ಪಾಠ ಬಂದರೆ ಹೊರಗೆಲ್ಲ ಹಿಮ. ಅಧ್ಯಾಯಗಳನ್ನು ಹಿಂದೆಮುಂದೆ ಮಾಡಲು ಬರುವ ಪಠ್ಯವನ್ನೇ ಆರಿಸಿ.

ಊರಿಗೆ ಮರಳುವ ಯೋಚನೆಯಿದ್ದರೆ ಅಳತೆಗಳು ಸೆಂಟಿಮೀಟರ್, ಸೆಲ್ಸಿಯಸ್‌ನಲ್ಲಿರಲಿ. ಭಾರತದ ಶಾಲಾ ಪಠ್ಯ ರೂಪಿಸುವ ಎನ್‌ಸಿಇಆರ್‌ಟಿ ಸಂಸ್ಥೆಯ ಕ್ರಮದಲ್ಲಿ ವಿಜ್ಞಾನ ಪ್ರತ್ಯೇಕ ವಿಷಯವಾಗುವುದು ಆರನೇ ತರಗತಿಯಿಂದ. ಅದರ ಪುಸ್ತಕ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಐದನೇ ತರಗತಿಯ ವಯಸ್ಸಿಗೆ ಅದನ್ನು ಪಕ್ಕದಲ್ಲಿಟ್ಟುಕೊಂಡು, ಬಿಟ್ಟುಹೋದ ಪಾಠಗಳನ್ನು ಗುರುತು ಹಾಕಿಕೊಳ್ಳಿ.