ಸೇಬನ್ ನಿವೃತ್ತಿಯ ಮರುದಿನ

11 ಜನವರಿ 2024, ಗುರುವಾರ
ಹಂಟ್ಸ್‌ವಿಲ್, ಅಲಬಾಮಾ

ನಿನ್ನೆ ಸಂಜೆ ಸುದ್ದಿ ಬಂದಾಗಿನಿಂದ ಊರಿಗೆ ಊರೇ ಮಂಕಾಗಿದೆ. ಅಲಬಾಮಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕೋಚ್ ನಿಕ್ ಸೇಬನ್ ನಿವೃತ್ತಿ. ಇವತ್ತು ಆಫೀಸಿನ ಮೀಟಿಂಗಿನಲ್ಲಿ ಕೆಲಸದ ಮಾತು ಐದೇ ನಿಮಿಷ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಕಾಲೇಜಿನ ಡ್ರಿಲ್ ಮಾಸ್ತರು ರಿಟೈರ್ ಆದ್ರೆ ಇಷ್ಟೊಂದು ರಂಪಾನಾ? ವಯಸ್ಸೆಷ್ಟಂತೆ?" ಅಂದರು. ಎಪ್ಪತ್ತೆರಡು ಅಂದೆ. "ಮತ್ತಿನ್ನೇನು, ಮನೇಲಿ ಕೂತ್ಕೊಳ್ಳಿ ಬಿಡು."

ಆ ಮಾಸ್ತರಿಗೆ 2022ರ ಒಪ್ಪಂದದಂತೆ ವರ್ಷಕ್ಕೆ ಸರಾಸರಿ 1.17 ಕೋಟಿ ಡಾಲರ್ ಸಂಬಳ ಅಂತ ಹೇಳಲು ಹೋಗಲಿಲ್ಲ. ವಿಶ್ವವಿದ್ಯಾಲಯವಿರುವ ಟಸ್ಕಲೂಸಾದ ಕ್ರೀಡಾಂಗಣದಲ್ಲಿ ಒಂದು ಲಕ್ಷ ಜನ ಕೂರುತ್ತಾರೆ ಅಂದರೂ ಅವರು ನಂಬುತ್ತಿರಲಿಲ್ಲ.

ಎಲ್ಲರೂ ಪ್ರಶಸ್ತಿ ಎಣಿಸುತ್ತಿದ್ದಾರೆ. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ (ಎಲ್‌ಎಸ್‌ಯು) ಒಂದು, ಇಲ್ಲಿ ಆರು, ಒಟ್ಟು ಏಳು ರಾಷ್ಟ್ರೀಯ ಪ್ರಶಸ್ತಿ. ನನಗೆ ರುಚಿಸಿದ್ದು ಅದಕ್ಕೂ ಹಿಂದಿನ ಕಥೆ. ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಸೀಮೆಯಲ್ಲಿ ಇವರಪ್ಪ ಪೆಟ್ರೋಲ್ ಬಂಕ್ ಇಟ್ಟಿದ್ದರು. ಹುಡುಗ ಅಲ್ಲಿ ಕಾರು ತೊಳೆಯಬೇಕಿತ್ತು. ಒರೆಸಿದ ಮೇಲೆ ಎಲ್ಲಾದರೂ ನೀರಿನ ಗೆರೆ ಉಳಿದಿದ್ದರೆ ಅಷ್ಟನ್ನೇ ಒರೆಸಿ ಕಳಿಸುವ ಹಾಗಿಲ್ಲ, ಇಡೀ ಕಾರು ಮೊದಲಿನಿಂದ. ಕಪ್ಪು ಮತ್ತು ನೀಲಿ ಕಾರು ಬಂದರೆ ಕೈಕಾಲು ತಣ್ಣಗಾಗುತ್ತಿತ್ತಂತೆ, ಅವುಗಳ ಮೇಲೆ ಗೆರೆ ಎದ್ದು ಕಾಣುತ್ತದಲ್ಲ!

ಕೋಚ್ ಆಗುವ ಆಸೆಯೇನೂ ಇರಲಿಲ್ಲ. ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದು ಮುಗಿದಾಗ ಹೆಂಡತಿ ಟೆರ್ರಿಯ ಓದು ಇನ್ನೂ ಬಾಕಿ. ಹೇಗೂ ಊರು ಬಿಡುವ ಹಾಗಿಲ್ಲ ಅಂತ, ಕೋಚ್ ಡಾನ್ ಜೇಮ್ಸ್ ಕರೆದ ಸಹಾಯಕನ ಕೆಲಸಕ್ಕೆ 1973ರಲ್ಲಿ ಸೇರಿಕೊಂಡರು. ಅದೇ ವರ್ಷ ಅಪ್ಪ ತೀರಿಕೊಂಡರು.

ಆಮೇಲೆ ಬ್ಯಾಂಕ್ ಆಫೀಸರರ ವರ್ಗಾವಣೆಯ ಹಾಗೆ ಊರಿಂದೂರಿಗೆ: ಸಿರಕ್ಯೂಸ್, ವೆಸ್ಟ್ ವರ್ಜೀನಿಯಾ, ಒಹಾಯೋ ಸ್ಟೇಟ್, ನೌಕಾ ಅಕಾಡೆಮಿಯ ನೇವಿ ತಂಡ, ಮಿಷಿಗನ್ ಸ್ಟೇಟ್, ಹ್ಯೂಸ್ಟನ್. ಒಹಾಯೋ ಸ್ಟೇಟ್‌ನಲ್ಲಿ ಕೆಲಸದಿಂದ ತೆಗೆದೇ ಹಾಕಿದರು. ಮೊದಲ ಬಾರಿ ಮುಖ್ಯ ಕೋಚ್ ಆದದ್ದು 1990ರಲ್ಲಿ, ಟೊಲೀಡೊ ವಿಶ್ವವಿದ್ಯಾಲಯದಲ್ಲಿ. ಅಷ್ಟರಲ್ಲಿ ಹದಿನೇಳು ಸೀಸನ್ ಇನ್ನೊಬ್ಬರ ಕೈಕೆಳಗೆ ಕಳೆದಿದ್ದವು. ಆ ವರ್ಷ ಒಂಬತ್ತು ಗೆಲುವು, ಎರಡೇ ಸೋಲು. ನಾವಾಗಿದ್ದರೆ ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆವು. ಈ ಮನುಷ್ಯ ಒಂದೇ ವರ್ಷಕ್ಕೆ ಅದನ್ನು ಬಿಟ್ಟು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ವೃತ್ತಿಪರ ತಂಡದಲ್ಲಿ ಬಿಲ್ ಬೆಲಿಚಿಕ್ ಕೈಕೆಳಗೆ ಡಿಫೆನ್ಸ್ ನೋಡಿಕೊಳ್ಳಲು ಹೋದರು. ತಮಾಷೆ ನೋಡಿ, ಆ ಬೆಲಿಚಿಕ್ ಕೂಡ ಇವತ್ತೇ ತಮ್ಮ ಪೇಟ್ರಿಯಟ್ಸ್ ತಂಡ ಬಿಟ್ಟಿದ್ದಾರೆ.

ಹಾಗಂತ ಸೇಬನ್ ಸಂತರೇನಲ್ಲ. 2006ರ ಡಿಸೆಂಬರ್ 21ರಂದು ಮಯಾಮಿ ಡಾಲ್ಫಿನ್ಸ್ ಎಂಬ ವೃತ್ತಿಪರ ತಂಡದ ಕೋಚ್ ಆಗಿದ್ದಾಗ, ಪತ್ರಕರ್ತರ ಮುಂದೆ ತಾನು ಅಲಬಾಮಾ ಕೋಚ್ ಆಗುವುದಿಲ್ಲ ಅಂತ ಖಡಾಖಂಡಿತವಾಗಿ ಹೇಳಿದರು. ಎರಡು ವಾರ ಕಳೆಯುವಷ್ಟರಲ್ಲಿ ಅಲಬಾಮಾಗೆ ಬಂದರು. ಮಯಾಮಿಯವರು ಇವತ್ತಿಗೂ ಆ ವಿಡಿಯೊ ಎತ್ತಾಡುತ್ತಾರೆ. ಇಲ್ಲಿಯವರಿಗೆ ಅದು ಸುಳ್ಳೇ ಅಲ್ಲ! ಬಂದ ಮೊದಲ ವರ್ಷ ಲೂಯಿಸಿಯಾನ-ಮನ್ರೋ ಎಂಬ ಸಣ್ಣ ತಂಡದ ಕೈಲಿ, ತಮ್ಮದೇ ಅಂಗಳದಲ್ಲಿ ಸೋತರು. ಆಗ ಬೈದವರೇ ಇವತ್ತು ಕಣ್ಣೊರೆಸಿಕೊಳ್ಳುತ್ತಿರುವುದು.

ಮುಂದಿನ ಕೋಚ್ ಯಾರು ಅಂತ ಊಟದ ಹೊತ್ತಿನಲ್ಲಿ ಒಬ್ಬೊಬ್ಬರದು ಒಂದೊಂದು ಹೆಸರು. ಜಾರ್ಜಿಯಾ ವಿಶ್ವವಿದ್ಯಾಲಯದ ಕೋಚ್ ಕರ್ಬಿ ಸ್ಮಾರ್ಟ್ ಇಲ್ಲೇ ಸೇಬನ್ ಬಳಿ ಪಳಗಿದವರು, ಆದರೆ ಎರಡು ಪ್ರಶಸ್ತಿ ಗೆದ್ದುಕೊಟ್ಟ ಮೇಲೆ ಅವರೇಕೆ ಬರುತ್ತಾರೆ? ನನಗೆ ಯೋಚನೆಯಾಗಿರುವುದು ಈಗಿನ ಸಹಾಯಕ ಕೋಚ್‌ಗಳದ್ದು. ಹೊಸ ಕೋಚ್ ಸಾಮಾನ್ಯವಾಗಿ ತನ್ನವರನ್ನೇ ಕರೆತರುತ್ತಾನೆ. ಕೋಚ್ ಹೋದರೆ ಆಟಗಾರರಿಗಾದರೂ ಬೇರೆ ಕಾಲೇಜು ಹುಡುಕಿಕೊಳ್ಳಲು 30 ದಿನದ ಅವಕಾಶವುಂಟು. ಸಹಾಯಕರು ಮಕ್ಕಳ ಶಾಲೆ, ಮನೆಯ ಸಾಲ ಎಲ್ಲ ಟಸ್ಕಲೂಸಾದಲ್ಲೇ ಇಟ್ಟುಕೊಂಡು, ಬರುವವನು ತಮ್ಮನ್ನು ಉಳಿಸಿಕೊಳ್ಳುತ್ತಾನೋ ಇಲ್ಲವೋ ಅಂತ ಫೋನ್ ನೋಡುತ್ತ ಕೂರಬೇಕು. ಆಫೀಸಿನಲ್ಲಿ ಅವರ ಮಾತನ್ನು ಯಾರೂ ಎತ್ತಲಿಲ್ಲ.