‘ಅದರಲ್ಲಿ ಬರೆಯೋಕೆ ಏನಿದೆ ಚಿಕ್ಕಮ್ಮ?’

ಸೋಮವಾರದಿಂದ ಈ ಮಾತು ನನ್ನ ಕಿವಿಯಲ್ಲೇ ಕೂತಿದೆ.

ಅಕ್ಕನ ಮಗಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಳೆ. ಜನವರಿ ಮೊದಲ ವಾರದೊಳಗೆ ಎಲ್ಲ ಕಳಿಸಬೇಕು. ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ಹಾಗಾಗಿ ಕಾಮನ್ ಆ್ಯಪ್‌ಗೆ, ಅಂದರೆ ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಆನ್‌ಲೈನ್ ಅರ್ಜಿಗೆ, ತನ್ನ ಬಗ್ಗೆ ಬರೆದ ಪ್ರಬಂಧವನ್ನು ನನಗೆ ಕಳಿಸಿ, “ಗ್ರಾಮರ್ ಮಾತ್ರ ನೋಡು ಚಿಕ್ಕಮ್ಮ” ಅಂದಳು.

ಗ್ರಾಮರ್‌ನಲ್ಲಿ ಒಂದೂ ತಪ್ಪಿರಲಿಲ್ಲ. 650 ಪದ ಮೀರಬಾರದು ಅಂತ ನಿಯಮ, ಇವಳದ್ದು 648. ವೃದ್ಧಾಶ್ರಮಕ್ಕೆ ಹೋಗಿ ಹಣ್ಣು ಹಂಚಿದ್ದು, ಅಲ್ಲಿ ಒಬ್ಬ ಅಜ್ಜಿ ಇವಳ ಕೈ ಹಿಡಿದು ಅತ್ತಿದ್ದು, ಆ ದಿನದಿಂದ ಇವಳ ಬದುಕೇ ಬದಲಾಗಿದ್ದು. ಓದಿ ಮುಗಿಸಿ ಫೋನ್ ಮಾಡಿದೆ. “ಆ ಅಜ್ಜಿ ಹೆಸರೇನು?” ಅಂದೆ. ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ ಮೆಲ್ಲಗೆ, “ಅಲ್ಲಿ ಅರ್ಧ ಗಂಟೆ ಇದ್ವಿ ಅಷ್ಟೇ. ಅಜ್ಜಿ ಅತ್ತಿದ್ದು ಸರ್ ಸೇರಿಸಿದ್ದು” ಅಂದಳು.

ಸರ್ ಅಂದರೆ ಕನ್ಸಲ್ಟೆಂಟ್. ಎಂಬತ್ತು ಸಾವಿರ ತೆಗೆದುಕೊಂಡಿದ್ದಾರೆ. ಭಾವ ಅದಕ್ಕಾಗಿ ಚೀಟಿ ಎತ್ತಿದರು. ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಹದಿನೇಳು ವರ್ಷದ ಹುಡುಗಿಯ ಕೈಯಲ್ಲಿ ಸುಳ್ಳು ಬರೆಸುವುದು, ಅದೂ ಯಾರದೋ ಕಣ್ಣೀರು ಸೇರಿಸಿ! ಅರ್ಜಿ ಕಳಿಸುವಾಗ ‘ಇದೆಲ್ಲ ನನ್ನದೇ, ಎಲ್ಲ ನಿಜ’ ಅಂತ ಸಹಿ ಹಾಕಬೇಕಾದವಳು ಅವಳು, ಅವರಲ್ಲ.

“ಇದು ಬಿಡು, ಕ್ಯಾಲೆಂಡರ್ ವಿಷಯ ಬರೆ” ಅಂದೆ. ಆಗಲೇ ಅವಳು ಕೇಳಿದ್ದು. “ಅದರಲ್ಲಿ ಬರೆಯೋಕೆ ಏನಿದೆ ಚಿಕ್ಕಮ್ಮ? ಸುಮ್ನೆ ನೀರು ಹಿಡಿಯೋದು ಅಲ್ವಾ?”

ಅಕ್ಕನ ಅಡುಗೆಮನೆ ಬಾಗಿಲ ಹಿಂದೆ ಒಂದು ಪಂಚಾಂಗದ ಕ್ಯಾಲೆಂಡರ್ ಇದೆ. ಅವರ ಬೀದಿಗೆ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ. ಎಂಟನೇ ಕ್ಲಾಸಿನಿಂದ ಇವಳು ನೀರು ಬಂದ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಹೊತ್ತು ಬರೆಯುತ್ತಾಳೆ. 5.10, 5.25, 7.40. ಏಕಾದಶಿ, ಸಂಕಷ್ಟಿಯ ಪಕ್ಕದಲ್ಲೇ. ಹೆಚ್ಚು ಹೊತ್ತು ಕರೆಂಟ್ ಹೋದ ರಾತ್ರಿಗೆ ಒಂದು ಚುಕ್ಕಿ. ಚುಕ್ಕಿ ಬಿದ್ದ ಮರುದಿನ ನೀರು ಏಳರ ಮೇಲೇ ಬರುವುದು ಅಂತ ಕಂಡುಕೊಂಡವಳು ಇವಳೇ. ಪಂಪ್ ಓಡದಿದ್ದರೆ ಮೇಲಿನ ಟ್ಯಾಂಕ್ ತುಂಬುವುದಿಲ್ಲ ಅಲ್ವಾ. ಅಂಥ ರಾತ್ರಿ ಎದುರು ಮನೆಗೆ ಹೋಗಿ, “ಅಜ್ಜಿ, ನಾಳೆ ಬೇಗ ಏಳಬೇಡಿ, ಏಳೂವರೆ ಆಗುತ್ತೆ” ಅಂತ ಹೇಳಿ ಬರುತ್ತಾಳೆ. ಈ ಅಜ್ಜಿಯ ಹೆಸರು ಅವಳಿಗೆ ಗೊತ್ತು. ನೋವು ಯಾವ ಮಂಡಿಗೆ ಅಂತಲೂ ಗೊತ್ತು.

ಇದನ್ನು ಬರೆದರೆ ಸೀಟು ಸಿಗುತ್ತದೆ ಅಂತ ನಾನು ಹೇಳಲಿಲ್ಲ. ಮಾರ್ಕ್ಸ್ ಇದೆ, ಮೇಷ್ಟ್ರುಗಳ ಪತ್ರ ಇದೆ, ಎಲ್ಲಕ್ಕಿಂತ ದುಡ್ಡು ಇದೆ. ಹೊರದೇಶದ ಮಕ್ಕಳನ್ನು ದುಡ್ಡು ನೋಡದೆ ಆರಿಸಿ, ಕಡಿಮೆ ಬಿದ್ದದ್ದನ್ನು ತುಂಬಿಕೊಡುವ ಕಾಲೇಜುಗಳು ಹಾರ್ವರ್ಡ್, ಯೇಲ್, ಆಮ್ಹರ್ಸ್ಟ್, ಡಾರ್ಟ್‌ಮತ್ ಅಂತ ಬೆರಳೆಣಿಕೆಯಷ್ಟು. ಅಲ್ಲೆಲ್ಲ ನೂರು ಜನ ಅರ್ಜಿ ಹಾಕಿದರೆ ಹತ್ತು ಜನಕ್ಕೂ ಸೀಟಿಲ್ಲ.

ನನಗೆ ನಿದ್ದೆ ಕೆಡಿಸಿರುವುದು ಸೀಟಲ್ಲ, ಅವಳ ಪ್ರಶ್ನೆ. ತನ್ನ ಮನೆಯಲ್ಲಿ, ಬೀದಿಯಲ್ಲಿ ಬರೆಯುವಂಥದ್ದು ಏನೂ ಇಲ್ಲ ಅಂತ ಇವಳಿಗೆ ಕಲಿಸಿದವರು ಯಾರು? ನನ್ನಂಥ ಮೇಷ್ಟ್ರುಗಳೇ. ಇಪ್ಪತ್ತು ವರ್ಷದಿಂದ ಪೀಠಿಕೆ, ವಿವರಣೆ, ಉಪಸಂಹಾರ ಅಂತ ಬೋರ್ಡ್ ಮೇಲೆ ಬರೆಯುತ್ತಿದ್ದೇನೆ. ‘ನಾನು’ ಅಂತ ಬರೆಯಬೇಡಿ ಅಂತಿದ್ದೇನೆ. ಹಿಂದೊಮ್ಮೆ ‘ನೀರಿನ ಉಳಿತಾಯ’ ಅಂತ ಪ್ರಬಂಧ ಕೊಟ್ಟಾಗ ಒಬ್ಬ ಹುಡುಗ ತಮ್ಮ ತೋಟದ ಬೋರ್‌ವೆಲ್ ಬತ್ತಿದ್ದು, ಅಪ್ಪ ಮೂರು ದಿನ ಊಟ ಬಿಟ್ಟಿದ್ದು ಬರೆದಿದ್ದ. ವಿಷಯ ಬಿಟ್ಟು ಬರೆದಿದ್ದೀಯ ಅಂತ ಕೆಂಪು ಗೀಟು ಎಳೆದು ಹತ್ತಕ್ಕೆ ಮೂರು ಕೊಟ್ಟೆ. ಆ ಗೀಟು ಈ ವಾರ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದೆ.

ನಿನ್ನೆ ರಾತ್ರಿ ಹೊಸ ಪ್ರಬಂಧದ ಮೊದಲ ಪುಟ ಬಂತು. ‘5.10’ ಅಂತ ಶುರುವಾಗುತ್ತದೆ. ಮೊದಲಿನದರಷ್ಟು ನಯವಾಗಿಲ್ಲ. ಎರಡು ಕಡೆ ಟೆನ್ಸ್ ತಪ್ಪಿತ್ತು, ಅಷ್ಟನ್ನೇ ಗುರುತು ಹಾಕಿ ಕಳಿಸಿದೆ.

ಇವತ್ತು ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಅವಳ ಫೋನ್. “ಚಿಕ್ಕಮ್ಮ, ಎದುರು ಮನೆ ಅಜ್ಜಿ ಹೆಸರು ಹಾಕಬಹುದಾ? ಅವರನ್ನೇ ಕೇಳಿ...” ಹಿಂದೆ ಖಾಲಿ ಕೊಡಕ್ಕೆ ನೀರು ಬಿದ್ದ ಸದ್ದು. “ಇರು, ಆಮೇಲೆ ಮಾಡ್ತೀನಿ, ನೀರು ಬಂತು” ಅಂತ ಇಟ್ಟುಬಿಟ್ಟಳು.